ಗಾಂಧಾರಕ್ಕೆ ಜಾಗ

ಹಾಡುವವರಿಗೆ ತಮ್ಮ ದನಿ ಇದ್ದ ಹಾಗೆ ಕೇಳಿಸುವುದಿಲ್ಲ. ಹಾಡುತ್ತಿರುವಾಗ ಕಿವಿಗೆ ಮುಟ್ಟುವುದರಲ್ಲಿ ಒಂದಷ್ಟು ಗಾಳಿಯಿಂದ ಬಂದದ್ದು, ಒಂದಷ್ಟು ದವಡೆ ಮತ್ತು ತಲೆಬುರುಡೆಯ ಮೂಳೆಗಳ ದಾರಿಯಲ್ಲಿ ಒಳಗಿಂದೊಳಗೇ ಬಂದದ್ದು. ಮೂಳೆಯ ದಾರಿಯಲ್ಲಿ ತಗ್ಗಿನ ಕಂಪನಗಳು ಸಲೀಸಾಗಿ ಬರುತ್ತವೆ. ಹಾಗಾಗಿ ನಮ್ಮ ಪಾಲಿಗೆ ನಾವೆಲ್ಲ ತುಂಬುದನಿಯವರೇ. ಅದೇ ಹಾಡನ್ನು ಮೈಕಿನಲ್ಲಿ ಹಿಡಿದು ಮರಳಿ ಕೇಳಿದಾಗ ತೆಳ್ಳಗಿನ, ಪರಿಚಯವಿಲ್ಲದ ದನಿಯೊಂದು ಎದುರಿಗೆ ನಿಂತಿರುತ್ತದೆ. ಲೋಕಕ್ಕೆ ಗೊತ್ತಿರುವ ನಮ್ಮ ದನಿ ಅದೇ. ಕ್ಯಾಸೆಟ್ ಕಂಪನಿ, ಸಿನಿಮಾ, ಲೇಬಲ್ ಯಾವುದೂ ಬೆನ್ನಿಗಿಲ್ಲದೆ ಸ್ವಂತ ದುಡ್ಡಿನಲ್ಲಿ ಹಾಡು ಮಾಡುವ ನನ್ನಂಥವರಿಗೆ ಪ್ರೊಡ್ಯೂಸರ್ ಮತ್ತು ಮಿಕ್ಸಿಂಗ್ ಎಂಜಿನಿಯರ್ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಮಗೆ ಕೇಳಿಸದ ನಮ್ಮ ದನಿಯನ್ನು ಅವರು ಕೇಳುತ್ತಾರೆ.

ನಾನು ಮೈಸೂರಿನವಳು. ವಚನಗಳಿಗೆ, ತತ್ವಪದಗಳಿಗೆ ನನಗೆ ತೋಚಿದ ಹಾಗೆ ರಾಗ ಕಟ್ಟಿಕೊಂಡು ಹಾಡುತ್ತೇನೆ. ಈಚೆಗೆ ಮುಗಿಸಿದ್ದು ಅಕ್ಕಮಹಾದೇವಿಯ ಒಂದು ವಚನ, ಮೋಹನ ರಾಗದಲ್ಲಿ. ತಂಬೂರಿಯೊಂದನ್ನೇ ಇಟ್ಟುಕೊಂಡು ಫೋನಿನಲ್ಲಿ ಹಾಡಿ ಹಿಡಿದು ಪ್ರೊಡ್ಯೂಸರ್ ಗೆಳೆಯನಿಗೆ ಕಳಿಸಿದೆ. ಯಾವ ವಾದ್ಯ ಹಾಕೋಣ, ಎಷ್ಟು ಖರ್ಚಾಗುತ್ತದೆ ಎಂದು ಅವನು ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು, “ಅಕ್ಕ ಇದನ್ನ ಯಾರಿಗೆ ಹೇಳ್ತಿದಾಳೆ? ಗೆಳತೀರಿಗಾ, ತನಗೇ ತಾನಾ, ಮಲ್ಲಿಕಾರ್ಜುನನಿಗಾ?” ಆ ಪ್ರಶ್ನೆಯ ಮೇಲೆ ಒಂದು ಸಂಜೆಯೆಲ್ಲ ಮಾತಾಡಿದೆವು. ಗೆಳತಿಯರಿಗೆ ಹೇಳುವುದಾದರೆ ದನಿ ಹತ್ತಿರದಲ್ಲಿರಬೇಕು, ಮೈಕಿಗೆ ಒತ್ತಿ ಹಾಡಬೇಕು, ಮರುದನಿ ಇರಬಾರದು. ದೇವರನ್ನು ಕರೆಯುವುದಾದರೆ ಸುತ್ತ ಬಯಲು ಬೇಕು. ವಚನದ ಮೊದಲರ್ಧ ಗೆಳತಿಯರಿಗೆ, ಅಂಕಿತ ಬರುವ ಕೊನೆಯ ಸಾಲು ಅವನಿಗೆ ಎಂದು ತೀರ್ಮಾನವಾಯಿತು. ಆಮೇಲೆ ತಿಂಗಳುಗಟ್ಟಲೆ ನಡೆದ ಕೆಲಸಕ್ಕೆಲ್ಲ ಆ ಸಂಜೆಯ ಮಾತೇ ಬುನಾದಿ.

ಹಾಡಿನ ಲಯ, ಉದ್ದ, ಎಲ್ಲಿ ಏನು ಇರಬಾರದು, ಇವೆಲ್ಲ ಪ್ರೊಡ್ಯೂಸರ್‌ನ ಕ್ಷೇತ್ರ. 1962ರಲ್ಲಿ ಬೀಟಲ್ಸ್ ಹುಡುಗರು ‘ಪ್ಲೀಸ್ ಪ್ಲೀಸ್ ಮಿ’ ಹಾಡನ್ನು ನಿಧಾನ ಗತಿಯಲ್ಲಿ ತಂದಾಗ, ಇದರ ಗತಿ ಹೆಚ್ಚಿಸಿ ಎಂದವರು ಅವರ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್. 1965ರಲ್ಲಿ ‘ಯೆಸ್ಟರ್‌ಡೇ’ಗೆ ನಾಲ್ಕು ತಂತಿವಾದ್ಯಗಳನ್ನು ಸೂಚಿಸಿದವರೂ ಅವರೇ. ಆ ಹಾಡುಗಳನ್ನು ಬರೆದವರು ಮಾರ್ಟಿನ್ ಅಲ್ಲ. ಆದರೆ ಅವರಿಲ್ಲದೆ ಅವು ಇವತ್ತು ನಾವು ಕೇಳುವ ಹಾಡುಗಳೂ ಅಲ್ಲ. ನಮ್ಮಲ್ಲಿ ಇಂಥ ಕೆಲಸದ ಬಹುಪಾಲನ್ನು ಸಿನಿಮಾದ ಅರೇಂಜರ್‌ಗಳು, ಸಹಾಯಕರು ಹೊತ್ತಿದ್ದರು. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಇಳಯರಾಜ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದಿದ್ದಾರೆ. ಆ ಕಾಲದ ಹಾಡು ಕೇಳುವಾಗ ಪಿಟೀಲುಗಳ ಗುಂಪು ಗಾಯಕರ ಉಸಿರು ನೋಡಿಕೊಂಡು ಹಿಂದೆ ಸರಿಯುವ ಜಾಗಗಳಲ್ಲಿ ನನ್ನ ಮನಸ್ಸು ಈಗೀಗ ನಿಂತುಬಿಡುತ್ತದೆ. ಯಾರೋ ಕೂತು ಯೋಚಿಸಿ ಬರೆದ ಜಾಗಗಳು ಅವು.

ನನ್ನ ಗೆಳೆಯ ಮೊದಲು ಮಾಡಿದ್ದು, ನಾನು ಪ್ರೀತಿಯಿಂದ ಮೂರು ಸಲ ತಿರುಗಿಸಿ ಹಾಡುತ್ತಿದ್ದ ಸಾಲನ್ನು ಒಂದೇ ಸಲಕ್ಕೆ ಇಳಿಸಿದ್ದು. “ವೇದಿಕೆ ಮೇಲೆ ಮೂರು ಸಲ ಹಾಡು, ಜನ ನಿನ್ನ ಮುಖ ನೋಡ್ತಿರ್ತಾರೆ. ಇಲ್ಲಿ ಮುಖ ಇಲ್ಲ,” ಅಂದ. ಎರಡನೆಯದು ಹಾಡಿನ ತಳದಲ್ಲಿ ಕೀಬೋರ್ಡಿನ ಉದ್ದನೆಯ ಸ್ವರಗಳನ್ನು ಹಾಸಿದ್ದು. ಬಹಳ ಚೆನ್ನಾಗಿತ್ತು. ಆದರೆ ನಾನು ಗಾಂಧಾರದ ಮೇಲೆ ನಿಂತಾಗಲೆಲ್ಲ ಏನೋ ತುರಿಸಿದ ಹಾಗಾಗುತ್ತಿತ್ತು. ದನಿ ಅಪಸ್ವರವಿರಲಿಲ್ಲ, ಕೀಬೋರ್ಡೂ ಅಪಸ್ವರವಿರಲಿಲ್ಲ. ಇಬ್ಬರೂ ಸರಿಯಿದ್ದು ಜೊತೆಗೂಡಿದಾಗ ಮಾತ್ರ ಕಸಿವಿಸಿ.

ಈ ಗಾಂಧಾರದ ಸಂಗತಿಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನನ್ನದು ಹಾರ್ಮೋನಿಯಂನ ಬಿಳಿ ಐದರ ಶ್ರುತಿ. ಷಡ್ಜವೆಂದರೆ ಸೆಕೆಂಡಿಗೆ 196 ಕಂಪನ. ತಂಬೂರಿಯ ಷಡ್ಜದ ತಂತಿಯನ್ನು ಮೀಟಿ ಸುಮ್ಮನೆ ಕೂತರೆ ಅದರೊಳಗಿನಿಂದಲೇ ಒಂದು ಗಾಂಧಾರ ಕೇಳಿಸುತ್ತದೆ. ಯಾರೂ ಮೀಟದ, ತಂತಿ ತಾನಾಗಿ ಹಾಡುವ ಗಾಂಧಾರ ಅದು. ತಂತಿಯ ಐದನೆಯ ಅನುಸ್ವರ (ಹಾರ್ಮೋನಿಕ್). ಸ್ಥಾಯಿ ಇಳಿಸಿ ಲೆಕ್ಕ ಹಾಕಿದರೆ ಅದು ಷಡ್ಜದ ಒಂದೂಕಾಲು ಪಟ್ಟು. ನನ್ನ ಮಧ್ಯ ಸ್ಥಾಯಿಯಲ್ಲಿ 245 ಕಂಪನ. ತಂಬೂರಿಯ ಮಡಿಲಲ್ಲಿ ಬೆಳೆದ ಗಂಟಲು ತಿಳಿದೋ ತಿಳಿಯದೆಯೋ ಅಲ್ಲಿಗೇ ಹೋಗಿ ಕೂರುತ್ತದೆ. ಕೀಬೋರ್ಡಿನದು ಬೇರೆ ಶಾಸ್ತ್ರ. ಯಾವ ಮನೆಯಿಂದ ಶುರು ಮಾಡಿದರೂ ನುಡಿಸಲು ಬರಲಿ ಎಂದು ಸ್ಥಾಯಿಯನ್ನು 12 ಸಮಪಾಲು ಮಾಡಿದ್ದಾರೆ. ಆ ಹಂಚಿಕೆಯಲ್ಲಿ ಅದೇ ಗಾಂಧಾರ ಸುಮಾರು 247 ಕಂಪನಕ್ಕೆ ಬೀಳುತ್ತದೆ. ಎರಡೇ ಕಂಪನದ ವ್ಯತ್ಯಾಸ. ಆದರೆ ಎರಡೂ ಒಟ್ಟಿಗೆ ಮೊಳಗಿದಾಗ ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ಇಳಿದು ತೂಗಾಡುತ್ತದೆ. ಮೇಲಿನ ಸ್ಥಾಯಿಯಲ್ಲಿ ನಾಲ್ಕು ಸಲ. ನನಗಾಗುತ್ತಿದ್ದ ಕಸಿವಿಸಿ ಅದೇ.

ಗೆಳೆಯ ನನ್ನ ದನಿಯನ್ನು ತಿದ್ದಲಿಲ್ಲ. ಕೀಬೋರ್ಡಿನಿಂದ ಗಾಂಧಾರವನ್ನೇ ತೆಗೆದ. ಬರೀ ಷಡ್ಜ, ಪಂಚಮ ಉಳಿಸಿಕೊಂಡ. ಎರಡು ಹಂಚಿಕೆಗಳೂ ಹೆಚ್ಚುಕಡಿಮೆ ಒಪ್ಪುವ ಸ್ವರ ಪಂಚಮ. ಇಡೀ ಹಾಡಿನಲ್ಲಿ ಗಾಂಧಾರ ಈಗ ಎರಡೇ ಕಡೆಯಿಂದ ಬರುತ್ತದೆ, ತಂಬೂರಿಯ ಒಡಲಿಂದ ಮತ್ತು ನನ್ನ ಗಂಟಲಿಂದ. ಎಷ್ಟು ವಾದ್ಯ ಕೂಡಿಸಿದರೂ ಸಿಗದ ತುಂಬು ಆ ಒಂದು ಸ್ವರ ಬಿಟ್ಟುಕೊಟ್ಟಾಗ ಬಂತು. ಇದನ್ನು ಗುರುತಿಸುವ ಪ್ರೊಡ್ಯೂಸರ್ ಸಿಕ್ಕಿದ್ದು ನನ್ನ ಭಾಗ್ಯವೆಂದೇ ನಂಬಿದ್ದೇನೆ. ತಂತ್ರಾಂಶ ಎಲ್ಲರ ಬಳಿಯೂ ಇದೆ. ಒಂದು ಸ್ವರವನ್ನು ತೆಗೆಯುವ ಧೈರ್ಯವಿರುವವರನ್ನೇ ಹುಡುಕಬೇಕು.

ತಿದ್ದುವುದು ಬಹಳ ಸುಲಭವಿತ್ತು ಎನ್ನುವುದನ್ನೂ ಹೇಳಬೇಕು. ಸ್ವರ ತಿದ್ದುವ ತಂತ್ರಾಂಶ ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ಎಣ್ಣೆ ಕಂಪನಿಗಳಿಗಾಗಿ ಭೂಮಿಯೊಳಗಿಂದ ಮರಳಿ ಬರುವ ಕಂಪನಗಳನ್ನು ಓದುವ ಕೆಲಸದಲ್ಲಿದ್ದವರು. ನೆಲದಡಿಯ ಎಣ್ಣೆ ಹುಡುಕುವ ಗಣಿತ ಗಂಟಲಿನ ಸ್ವರ ಹುಡುಕಿತು. ಅದ್ಭುತ ಸಾಧನೆ, ಸಂಶಯವಿಲ್ಲ. ಆದರೆ ಅದನ್ನು ಯೋಚಿಸದೆ ಹಚ್ಚಿದರೆ ಪ್ರತಿ ಸ್ವರವನ್ನೂ ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಗಮಕವಿರುವುದೋ ಎರಡು ಮನೆಗಳ ನಡುವೆ. ಗಾಂಧಾರದಿಂದ ಪಂಚಮಕ್ಕೆ ಜಾರುವ ದಾರಿಯಲ್ಲೇ ಮೋಹನದ ಮುಖ ಕಾಣುವುದು. ಆ ದಾರಿಯನ್ನು ಮೆಟ್ಟಿಲಾಗಿ ಕಡಿದರೆ ಸ್ವರಗಳು ಉಳಿದಾವು, ರಾಗ ಉಳಿಯದು.

ಹಾಡು ಅಲ್ಲಿಂದ ಬೆಂಗಳೂರಿನ ಮಿಕ್ಸಿಂಗ್ ಎಂಜಿನಿಯರ್ ಬಳಿಗೆ ಹೋಯಿತು. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಕಡತ ಮಾಡಿ, ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗುವಂತೆ ಹೊಂದಿಸಿ ಕಳಿಸಬೇಕು. ಅವನ್ನು ಕೂಡಿಸಿ, ಯಾವುದು ಹತ್ತಿರ, ಯಾವುದು ದೂರ, ಯಾವುದು ಎಡ, ಯಾವುದು ಬಲ ಎಂದು ಒಂದು ನೆಲೆ ಕಟ್ಟಿಕೊಡುವುದು ಅವರ ಕೆಲಸ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡನ್ನು ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿದಾಗ ಇದನ್ನೆಲ್ಲ ಮೊದಲೇ ಕೋಣೆಯಲ್ಲಿ ಮಾಡಿ ಮುಗಿಸಬೇಕಿತ್ತು. ಗೋಡೆಯಿಂದ ಚಾಚಿದ ತುತ್ತೂರಿಗೆ ಗಾಯಕಿ ಹತ್ತಿರ ನಿಲ್ಲಬೇಕು, ಜೋರಿನ ವಾದ್ಯ ದೂರ ಕೂರಬೇಕು. ಅದೇ ಮಿಕ್ಸಿಂಗ್. ತಟ್ಟೆಯಲ್ಲಿ ಹಿಡಿಸುವುದು ಮೂರು ನಿಮಿಷದ ಆಸುಪಾಸು. ಆ ಮಹಾ ಗಾಯಕಿ ಕೊನೆಗಾಲದಲ್ಲಿ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಮಾತಿನ ದಾರಿ ತಪ್ಪಿತು, ನಿಜ. ಆದರೆ ಇದೇ ಊರಿನಲ್ಲಿ ಮೈಕಿನ ಮುಂದೆ ನಿಲ್ಲುವಾಗ ಅವರನ್ನು ನೆನೆಯದಿರಲು ನನ್ನಿಂದಾಗುವುದಿಲ್ಲ.

ನಮ್ಮ ಎಂಜಿನಿಯರ್ ಮಲಯಾಳಿ. ಕನ್ನಡ ಓದಲು ಬಾರದು, ಆದರೆ ಲಕಾರ ಳಕಾರದ ಅಂತರ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ವಚನವನ್ನು ಪದ ಪದವಾಗಿ ಬಿಡಿಸಿ, ಅರ್ಥ ಬರೆದು ಕಳಿಸಿದ್ದೆ. ಅವರು ಕೆಲಸ ಮಾಡುವ ಕ್ರಮ ನೋಡುವುದೇ ಒಂದು ಸುಖ. ಬಹಳ ಮೆಲ್ಲಗೆ ಇಟ್ಟು ಕೇಳುತ್ತಾರೆ. ಪಕ್ಕದಲ್ಲಿ ಮಾತಾಡಿದರೆ ಹಾಡು ಮುಚ್ಚಿಹೋಗುವಷ್ಟು ಮೆಲ್ಲಗೆ. ಜೋರಾಗಿಟ್ಟರೆ ಎಲ್ಲವೂ ಚೆಂದ ಕೇಳಿಸುತ್ತದೆ, ತಗ್ಗಿನ ಸ್ವರಗಳು ತುಂಬಿಕೊಂಡು ಕಿವಿಯನ್ನು ಒಲಿಸಿಬಿಡುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ತೋರಿಸಿದ ಸಂಗತಿ ಇದು. ಮೆಲ್ಲಗಿಟ್ಟಾಗಲೂ ಮಾತು ತಿಳಿದರೆ ಎಲ್ಲಿಟ್ಟರೂ ತಿಳಿಯುತ್ತದೆ ಎನ್ನುವುದು ಅವರ ನಂಬಿಕೆ. ತಂಬೂರಿ, ಗೆಳೆಯ ಆಮೇಲೆ ಸೇರಿಸಿದ್ದ ಚೆಲ್ಲೊ, ನನ್ನ ಎದೆಯ ದನಿ ಮೂರೂ 200ರಿಂದ 400 ಕಂಪನದ ಸುತ್ತ ಕಿಕ್ಕಿರಿದಿದ್ದವು. ತುಂಬಿದ ಬಸ್ಸಿಗೆ ಬಾಣಂತಿಯೊಬ್ಬಳು ಹತ್ತಿದಾಗ ಒಬ್ಬೊಬ್ಬರೂ ಒಂದೊಂದು ಇಂಚು ಸರಿದು ಜಾಗ ಮಾಡುವಂತೆ ಅವರು ಚೆಲ್ಲೊವನ್ನು ಅಲ್ಲಿ ತುಸು ತಗ್ಗಿಸಿ, ತಂಬೂರಿಯನ್ನು ತುಸು ಅಗಲಕ್ಕೆ ಹಂಚಿ ನಡುವೆ ದನಿಗೆ ಎಡೆ ಮಾಡಿದರು. ಯಾವುದನ್ನೂ ಜೋರು ಮಾಡಲಿಲ್ಲ. ಮಾತು ಮುಂದೆ ಬಂತು.

ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಒತ್ತಕ್ಷರಗಳಿಗಾಗಿ ನಡೆದ ಕೆಲಸ. ‘ಅಕ್ಕ’ ಎನ್ನುವಾಗ, ‘ಬೆಟ್ಟ’ ಎನ್ನುವಾಗ ನಡುವೆ ಒಂದು ಕ್ಷಣ ಬಾಯೊಳಗೆ ಗಾಳಿಯ ದಾರಿ ಪೂರ್ತಿ ಮುಚ್ಚುತ್ತದೆ. ಅಲ್ಲಿ ದನಿಯೇ ಇರುವುದಿಲ್ಲ. ಆ ಬಿಡುವಿನಿಂದಲೇ ಕಿವಿ ಒತ್ತನ್ನು ಗುರುತಿಸುವುದು. ಈಗ ದನಿಗೆ ಉದ್ದನೆಯ ಮರುದನಿ ಹಚ್ಚಿ ನೋಡಿ. ಹಿಂದಿನ ಸ್ವರದ ಬಾಲ ಬಂದು ಆ ಬಿಡುವನ್ನು ತುಂಬಿಬಿಡುತ್ತದೆ. ಅಕ್ಕ ಸಡಿಲವಾಗುತ್ತಾಳೆ, ಬೆಟ್ಟ ಕರಗುತ್ತದೆ. ಹಾಡು ಇಂಪಾಗಿಯೇ ಇರುತ್ತದೆ, ಕನ್ನಡ ಮಾತ್ರ ಮೆತ್ತಗಾಗಿರುತ್ತದೆ. ನಮ್ಮ ಎಷ್ಟೋ ಹೊಸ ಧ್ವನಿಮುದ್ರಣಗಳಲ್ಲಿ ಸಾಹಿತ್ಯ ತಿಳಿಯದೆ ಹೋಗುವುದಕ್ಕೆ ಗಾಯಕರ ಉಚ್ಚಾರವನ್ನೇ ದೂರುತ್ತೇವೆ. ಇದೂ ಒಂದು ಕಾರಣವೆಂದು ಈಗ ನನಗೆ ಖಚಿತವಾಗಿದೆ. ಮಲಯಾಳದಲ್ಲೂ ಒತ್ತಕ್ಷರ ತುಂಬಾ ಇರುವುದರಿಂದಲೋ ಏನೋ ಎಂಜಿನಿಯರ್‌ಗೆ ಹೇಳಿದ ಕೂಡಲೇ ಹೊಳೆಯಿತು. ಒತ್ತು ಬರುವ ಕಡೆಗಳಲ್ಲೆಲ್ಲ ಅದರ ಹಿಂದಿನ ಅಕ್ಷರಕ್ಕೆ ಸೇರುವ ಮರುದನಿಯನ್ನು ಒಂದೊಂದಾಗಿ ಕೈಯಾರೆ ತಗ್ಗಿಸಿದರು. ಕೊನೆಯಲ್ಲಿ ಬರುವ ‘ಚೆನ್ನಮಲ್ಲಿಕಾರ್ಜುನ’ದಲ್ಲಿ ನ್ನ, ಲ್ಲಿ, ರ್ಜು ಮೂರೂ ಬಿಡಿಬಿಡಿಯಾಗಿ ನಿಂತು, ಆಮೇಲಷ್ಟೇ ಹೆಸರಿನ ಸುತ್ತ ಬಯಲು ತೆರೆದುಕೊಳ್ಳುತ್ತದೆ. ಆ ಹೆಸರನ್ನು ಹಾಗೆ ಕೇಳಿದಾಗ ನನಗೆ ಕಣ್ಣು ತುಂಬಿತು.

ಸಕಾರದ್ದು ಇನ್ನೊಂದು ಕತೆ. ಅದರ ಚುಚ್ಚು ಇರುವುದು 5,000 ಕಂಪನದಿಂದ ಮೇಲಕ್ಕೆ. ಅದನ್ನು ಅದುಮುವ ಉಪಕರಣವನ್ನು ಬಿಗಿಯಾಗಿ ಹಚ್ಚಿದರೆ ತೊದಲು ಬರುತ್ತದೆ. ಶಕಾರ, ಷಕಾರಗಳು ಅದಕ್ಕಿಂತ ಕೆಳಗಿರುವುದರಿಂದ ಸಕಾರಕ್ಕೂ ಅವಕ್ಕೂ ನಡುವಿನ ಅಂತರವೂ ಅಳಿಸಿಹೋಗಬಹುದು. ಇದನ್ನೂ ಅವರು ಒಂದೊಂದು ಅಕ್ಷರಕ್ಕೆ ಬೇರೆ ಬೇರೆಯಾಗಿ ಮಾಡಿದರು. ಉಸಿರಿನ ಸದ್ದುಗಳನ್ನೆಲ್ಲ ಮೊದಲು ಕತ್ತರಿಸಿ, ಮಾರನೆಯ ದಿನ ತಾವಾಗಿಯೇ ಮರಳಿ ಸೇರಿಸಿದ್ದರು. ಉಸಿರಿಲ್ಲದೆ ಗೆಳತಿಯರಿಗೆ ಹೇಳಿದ ಮಾತಾಗಲಿಲ್ಲ ಎಂದರು. ನಮ್ಮ ಆ ಮೊದಲ ಸಂಜೆಯ ಮಾತನ್ನು ಗೆಳೆಯ ಅವರಿಗೂ ತಲುಪಿಸಿದ್ದ.

ಒಂದೇ ಒಂದು ಕಡೆ ನಾವು ಗಟ್ಟಿಯಾಗಿ ವಾದಿಸಿದ್ದು ದನಿಯ ಮಟ್ಟದ ಬಗ್ಗೆ. ಇಂಗ್ಲಿಷ್ ಪಾಪ್ ಕೇಳಿ ಬೆಳೆದ ಕಿವಿಗೆ ದನಿ ವಾದ್ಯಗಳ ನಡುವೆ ಕೂತರೆ ಸಾಕು. ನಮ್ಮದು ಬೇರೆ ರೂಢಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಂದಿನಿಂದ ಕನ್ನಡದ ಮನೆಗಳಲ್ಲಿ ಕವಿತೆಯನ್ನು ಕಿವಿಯಿಂದ ಓದುವ ಅಭ್ಯಾಸ ಬೆಳೆದಿದೆ. ನಮಗೆ ಪದ ಮುಂದಿರಬೇಕು. ನಾನು ಬಿಟ್ಟುಕೊಡಲಿಲ್ಲ, ದನಿ ತುಸು ಮೇಲೆ ಬಂತು. ಇಂಥ ಮಾತನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳುವುದು, ಮಾದರಿಗೆ ಎರಡು ಹಾಡು ಕೊಡುವುದು, “ಇನ್ನೂ ಭಾವ ಬೇಕು” ಎನ್ನುವ ಬದಲು ಇಷ್ಟನೇ ನಿಮಿಷದ ಇಷ್ಟನೇ ಸೆಕೆಂಡಿನಲ್ಲಿ ಈ ಪದ ಕೇಳುತ್ತಿಲ್ಲ ಎಂದು ಬರೆಯುವುದು, ಇವು ಕಲಾವಿದರ ಪಾಲಿನ ಕೆಲಸ. ಕರಾರನ್ನೂ ಕಾಗದದ ಮೇಲೆ ಇಡಬೇಕು. ರಚನೆ ಯಾರದು, ಧ್ವನಿಮುದ್ರಿಕೆ ಯಾರದು, ಹೆಸರುಗಳು ಹೇಗೆ ಬರಬೇಕು, ಎಷ್ಟು ಸಲ ತಿದ್ದಿಕೊಡುತ್ತಾರೆ, ಎಲ್ಲವೂ. ವಚನ ಎಲ್ಲರ ಸ್ವತ್ತು. ಕವಿ ತೀರಿಕೊಂಡು 60 ವರ್ಷ ಆಗಿರದಿದ್ದರೆ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಬೇಂದ್ರೆಯವರು ಹೋದದ್ದು 1981ರಲ್ಲಿ. ಅವರನ್ನು ಹಾಡುವವರು ಮೊದಲು ಪತ್ರ ಬರೆಯಬೇಕು.

ಹಾಡನ್ನು ಕಿವಿಗಡಚಿಕ್ಕುವಷ್ಟು ಜೋರು ಮಾಡಿಸುವ ಆಸೆ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ, ಅದೊಂದು ಸಮಾಧಾನ. ಸ್ಪಾಟಿಫೈಯಂಥ ಕಡೆ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಒಂದೇ ಅಳತೆಯ ಸುತ್ತಮುತ್ತ ತಂದು ಕೇಳಿಸುತ್ತಾರೆ. ಹಿಂಡಿ ಜೋರು ಮಾಡಿದ್ದು ಅಲ್ಲಿ ಮತ್ತೆ ತಗ್ಗುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

ಈಗ ಶಿಶುನಾಳ ಶರೀಫರ ಒಂದು ತತ್ವಪದ ಕೈಯಲ್ಲಿದೆ. ಅದನ್ನು ಹಾವೇರಿ ಜಿಲ್ಲೆಯ ಶಿಶುವಿನಹಾಳಕ್ಕೇ ಹೋಗಿ, ಏಕತಾರಿ, ದಮ್ಮಡಿ ಹಿಡಿದು ಭಜನೆಯವರೊಡನೆ ಕೂತು ಹಾಡಬೇಕೆಂಬುದು ನನ್ನ ಹಟ. ಗೆಳೆಯ ಒಪ್ಪಿದ್ದಾನೆ, ಆದರೆ ಎಲ್ಲರ ಕಿವಿಗೂ ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಹಾಕಿಸಬೇಕಂತೆ. ಇಲ್ಲದಿದ್ದರೆ ಆಮೇಲೆ ಏನನ್ನೂ ಕೂಡಿಸಲಾಗದು ಎನ್ನುತ್ತಾನೆ. ಭಜನೆ ಮೇಲೇರುತ್ತ ಲಯ ಓಡುವುದೇ ಅದರ ಪ್ರಾಣ, ಅದನ್ನು ಕಟ್ಟಿಹಾಕಬೇಡ ಎನ್ನುತ್ತೇನೆ ನಾನು. ದಮ್ಮಡಿಯ ಪಕ್ಕಕ್ಕೇ ಒಂದು ಬೇರೆ ಮೈಕು ಇಡಿ, ಓಡುವ ಲಯವನ್ನೇ ಅಳೆದು ಉಳಿದದ್ದನ್ನು ಅದಕ್ಕೆ ಹೊಂದಿಸೋಣ ಎಂದು ಎಂಜಿನಿಯರ್ ನಿನ್ನೆ ಬರೆದಿದ್ದಾರೆ. ಗೆಳೆಯ ಇನ್ನೂ ಹೂಂ ಅಂದಿಲ್ಲ.