ಬೋರ್ಡು ಹೋಗಿದೆ, ಸಾರ್

ರಿಪೇರಿಯವರ ಬಾಯಲ್ಲಿ ಕಾಲಕ್ಕೊಂದು ಮಾತು ಓಡಾಡುತ್ತಿರುತ್ತದೆ. ನಾನು ಹುಡುಗನಾಗಿದ್ದಾಗ ರೇಡಿಯೊ ನಿಂತರೆ ‘ವಾಲ್ವ್ ಹೋಗಿದೆ’ ಅನ್ನುತ್ತಿದ್ದರು. ಟೀವಿ ಬಂದ ಮೇಲೆ ‘ಪಿಕ್ಚರ್ ಟ್ಯೂಬು ವೀಕಾಗಿದೆ’ ಅನ್ನುವುದು ಶುರುವಾಯಿತು. ಈಗ ಫ್ರಿಜ್ಜಿರಲಿ, ವಾಷಿಂಗ್ ಮೆಷಿನ್ನಿರಲಿ, ಮೈಕ್ರೋವೇವ್ ಓವನ್ನಿರಲಿ, ಎಲ್ಲಕ್ಕೂ ಒಂದೇ ತೀರ್ಪು: ‘ಬೋರ್ಡು ಹೋಗಿದೆ, ಸಾರ್.’ ಹಾಗನ್ನುವುದಕ್ಕೆ ಮುಚ್ಚಳ ಬಿಚ್ಚಿ ನೋಡಲೇಬೇಕೆಂದೂ ಇಲ್ಲ. ನಮ್ಮನೆಯ ಕನ್ವೆಕ್ಷನ್ ಮೈಕ್ರೋವೇವ್ ಓವನ್ ಕೆಟ್ಟಾಗ ಬಂದ ಹುಡುಗ ಪ್ಲಗ್ಗು ಹಾಕಿದ, ಕಿತ್ತ, ಮತ್ತೆ ಹಾಕಿದ, ಕತ್ತಲಾಗಿದ್ದ ಡಿಸ್‌ಪ್ಲೇ ನೋಡಿ ಬೋರ್ಡಿನ ರೇಟು ಹೇಳಿದ. ಅದಕ್ಕೆ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ ಅನ್ನುವ ಹಿತವಚನವನ್ನೂ ಹೇಳಿ, ವಿಸಿಟಿಂಗ್ ಚಾರ್ಜು ಇಸಕೊಂಡು ಹೋದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂದು ಲೆಕ್ಕ ಕೊಟ್ಟು ಕಳಿಸಿರುತ್ತಾರೆ. ಬೋರ್ಡು ಬದಲಾಯಿಸುವುದು ಬೇಗ ಆಗುವ ಕೆಲಸ, ಯಾಕೆ ನಿಂತಿತು ಅಂತ ಹುಡುಕುವುದಕ್ಕೆ ಹೊತ್ತು ಬೇಕು. ರಿಟೈರಾದ ನನ್ನ ಹತ್ತಿರ ಬೇರೇನಿಲ್ಲದಿದ್ದರೂ ಹೊತ್ತಿದೆ.

ಓವನ್ ಕೆಟ್ಟಾಗ ಮೊದಲು ಬಿಡಿಸಬೇಕಾದದ್ದು ಸ್ಕ್ರೂ ಅಲ್ಲ, ಮನೆಯವರ ಬಾಯಿ. ಇದು ಸುಲಭದ್ದಲ್ಲ. ‘ಬೆಳಗ್ಗೆ ನಾನು ಹಾಲು ಬಿಸಿ ಮಾಡಿದಾಗ ಚೆನ್ನಾಗೇ ಇತ್ತು ಕಣ್ರೀ’ ಅಂದಳು ಹೆಂಡತಿ. ‘ನಾನು ಕೇಕ್ ಮಾಡಿ ಎಷ್ಟೋ ದಿನ ಆಯ್ತಪ್ಪ’ ಅಂತ ಮಗಳು ಕೈ ತೊಳೆದುಕೊಂಡಳು. ಕೊನೆಗೆ ಅಮ್ಮ ಒಳಗಿನಿಂದಲೇ ಹೇಳಿಕೆ ಕೊಟ್ಟರು: ‘ಹುಳಿ ಬಿಸಿಗಿಟ್ಟಿದ್ದೆ. ಬಾಗಿಲು ತೆಗೆದೆ, ಟಪ್ ಅಂತು. ನಾನೇನೂ ಮಾಡಲಿಲ್ಲಪ್ಪ.’

‘ಓಡ್ತಿರುವಾಗಲೇ ತೆಗೆದೆಯೇನಮ್ಮ?’

‘ಇನ್ನೇನು ಎರಡು ಸೆಕೆಂಡಿತ್ತು. ಮುಗಿಯೋತನಕ ಬಿಟ್ಟರೆ ಕುಂಯ್ ಕುಂಯ್ ಅಂತ ಬಡಕೊಳ್ಳತ್ತೆ. ನೀನು ಮಲಗಿದ್ದೆ.’

ಆ ‘ಟಪ್’ ಅನ್ನುವ ಒಂದು ಶಬ್ದದಲ್ಲಿ ಮುಕ್ಕಾಲು ಪಾಲು ಉತ್ತರವಿತ್ತು. ಓಡುತ್ತಿರುವಾಗ ಟಪ್ ಅಂದು ನಿಂತರೆ ಅನುಮಾನ ಒಳಗಿನ ದೊಡ್ಡ ಸಾಮಾನುಗಳ ಮೇಲೆ. ಬಾಗಿಲು ತೆಗೆಯುವ ಗಳಿಗೆಯಲ್ಲೇ ಟಪ್ ಅಂದರೆ ಬಾಗಿಲ ಹಿಂದಿನ ಚಿಕ್ಕ ಸ್ವಿಚ್ಚುಗಳ ಮೇಲೆ. ಬಂದಿದ್ದ ಹುಡುಗ ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ.

ಆದರೂ ಕ್ರಮ ಬಿಡಬಾರದು. ಮೊದಲು ಗೋಡೆಯ 16 ಆಂಪ್ಸ್ ಪಾಯಿಂಟನ್ನು ನೋಡಿದೆ. ಇಲ್ಲಿ ಮೊಬೈಲ್ ಚಾರ್ಜರ್ ಹಾಕಿ ನೋಡಿದರೆ ಸಾಲದು, ಸಡಿಲವಾದ ಕಾಂಟ್ಯಾಕ್ಟಿನಲ್ಲೂ ಅದು ನಡೆದುಬಿಡುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿದೆ, ಚುರುಗುಟ್ಟಿತು. ಗೋಡೆ ನಿರಪರಾಧಿ.

ಪ್ಲಗ್ಗು ಕಿತ್ತ ಮಾತ್ರಕ್ಕೆ ಓವನ್ನಿನಲ್ಲಿ ಕೈಯಾಡಿಸಬಹುದು ಅಂದುಕೊಳ್ಳುವುದು ತಪ್ಪು. ಟೋಸ್ಟರಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಒಳಗಿನ ಟ್ರಾನ್ಸ್‌ಫಾರ್ಮರು ಮನೆಯ 230 ವೋಲ್ಟನ್ನು ಸುಮಾರು 2,000ಕ್ಕೆ ಏರಿಸುತ್ತದೆ. ಡಯೋಡು, ಕೆಪಾಸಿಟರು ಸೇರಿ ಅದನ್ನು ಹತ್ತಿರ ಹತ್ತಿರ 4,000ಕ್ಕೆ ಮುಟ್ಟಿಸಿ, ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ ಕೊಡುತ್ತವೆ. ಪ್ಲಗ್ಗು ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜು ಉಳಿದಿರಬಹುದು. ಅದನ್ನು ಇಳಿಸಲೆಂದು ಒಳಗೊಂದು ರೆಸಿಸ್ಟರು ಇರುತ್ತದೆ ನಿಜ, ಆದರೆ ಅದೂ ಕೆಟ್ಟಿರಬಹುದಲ್ಲ. ಹಾಗಾಗಿ ಮುಚ್ಚಳ ತೆಗೆದವನು ಮೊದಲು ಹಿಡಿಕೆ ಗಟ್ಟಿಯಿರುವ ಸ್ಕ್ರೂಡ್ರೈವರಿನಿಂದ ಕೆಪಾಸಿಟರಿನ ಎರಡು ತುದಿಗಳನ್ನು ಕೂಡಿಸಬೇಕು, ಆಮೇಲೆ ಒಂದೊಂದು ತುದಿಯನ್ನೂ ತಗಡಿನ ಮೈಗೆ ತಾಗಿಸಬೇಕು. ಹಳೇ ರೇಡಿಯೊ ರಿಪೇರಿಯವರು ಇಂಥ ಹೊತ್ತಿನಲ್ಲಿ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಎರಡು ಕೈಗಳ ನಡುವೆ ಎದೆ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ಈ ಪ್ಯಾರಾ ಓದಿ ಯಾರಿಗಾದರೂ ಮುಚ್ಚಳ ಬಿಚ್ಚುವುದೇ ಬೇಡ ಅನ್ನಿಸಿದರೆ ಅವರೇ ಜಾಣರು.

ಮ್ಯಾಗ್ನೆಟ್ರಾನನ್ನು ಹತ್ತಿರದಿಂದ ನೋಡಿದಾಗ ಒಂದು ಗೌರವ ಹುಟ್ಟುತ್ತದೆ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಾಂಡಲ್ ಮತ್ತು ಬೂಟ್ ಎಂಬಿಬ್ಬರು ಇದರ ಪ್ರಬಲ ರೂಪವನ್ನು ಕಟ್ಟಿದ್ದು ಶತ್ರುವಿಮಾನ ಹುಡುಕುವ ರೇಡಾರಿಗೆ, ನಮ್ಮ ಹುಳಿಗಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ಮ್ಯಾಗ್ನೆಟ್ರಾನಿನ ಪಕ್ಕ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು ಅನ್ನುವುದು ಎಲ್ಲರೂ ಹೇಳುವ ಕತೆ. ಸ್ಪೆನ್ಸರ್ ಶಾಲೆ ಪೂರೈಸಿದವನಲ್ಲ, ಯಂತ್ರಗಳನ್ನು ತಾನೇ ಬಿಚ್ಚಿ ನೋಡಿ ಕಲಿತವನು. 1947ರಲ್ಲಿ ಮಾರಾಟಕ್ಕೆ ಬಂದ ಅವರ ಮೊದಲ ಓವನ್ ಆಳೆತ್ತರ, ತೂಕ ಸುಮಾರು 340 ಕಿಲೋ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಡುವ ಮಾತಿರಲಿ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ತರುವುದೂ ಅನುಮಾನ.

ಇರಲಿ. ಫ್ಯೂಸು ಪಿಂಗಾಣಿ ಕೊಳವೆಯದು, ಕಣ್ಣಲ್ಲಿ ನೋಡಿ ಏನೂ ತಿಳಿಯದು. ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿದರೆ ‘ಬೀಪ್’ ಅನ್ನಬೇಕು, ಅನ್ನಲಿಲ್ಲ. ಬೋರ್ಡಿಗೆ ಕರೆಂಟು ಹೋಗುವುದು ಈ ಫ್ಯೂಸಿನ ಮೂಲಕವೇ. ಕರೆಂಟೇ ತಲುಪದ ಬೋರ್ಡು ಹೋಗಿದೆಯೋ ಇದೆಯೋ ಅಂತ ಡಿಸ್‌ಪ್ಲೇ ನೋಡಿ ಯಾವ ಪಂಡಿತ ಹೇಳಿಯಾನು? ಅತಿಯಾಗಿ ಕಾದಾಗ ಲೈನು ಕಡಿಯುವ ಥರ್ಮಲ್ ಕಟ್‌ಔಟುಗಳನ್ನೂ ನೋಡಿದೆ. ನಮ್ಮ ಮನೆಯಲ್ಲಿ ಅವುಗಳ ಮೇಲೆ ನನಗೆ ಗುಮಾನಿ ಇದ್ದೇ ಇತ್ತು. ಕನ್ವೆಕ್ಷನ್ನಿನಲ್ಲಿ ಕೇಕ್ ಬೆಂದ ಮೇಲೂ ಫ್ಯಾನು ಕೆಲವು ನಿಮಿಷ ಓಡುತ್ತದೆ, ಒಳಗಿನ ಕಾವು ಹೊರಹಾಕುವುದಕ್ಕೆ. ‘ಸುಮ್ಮನೆ ಕರೆಂಟು ದಂಡ’ ಅಂತ ಯಾರಾದರೂ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರೆ ಆ ಕಾವೆಲ್ಲ ಒಳಗೇ ಉಳಿದು ತಂತಿ, ಪ್ಲಾಸ್ಟಿಕ್ಕು, ಕಟ್‌ಔಟು ಎಲ್ಲದರ ಆಯಸ್ಸು ತಿನ್ನುತ್ತದೆ. ಈ ಸಲ ಮಾತ್ರ ಎರಡೂ ಕಟ್‌ಔಟುಗಳು ಬೀಪ್ ಅಂದವು.

ಬರೀ ಫ್ಯೂಸು ಬದಲಾಯಿಸಿ ಗೆದ್ದೆ ಅನ್ನುವವರಿದ್ದಾರೆ. ಹಳೇ ಮನೆಗಳ ಕಿಟ್‌ಕ್ಯಾಟ್ ಫ್ಯೂಸಿನ ಕಾಲದಿಂದ ಬಂದ ರೋಗ ಇದು. ಫ್ಯೂಸು ಪದೇ ಪದೇ ಹೋದರೆ ಯಾಕೆ ಹೋಗುತ್ತಿದೆ ಅಂತ ಕೇಳದೆ, ಇನ್ನೊಂದೆಳೆ ತಂತಿ ಹೆಚ್ಚಿಗೆ ಸುತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದರು. ಓವನ್ನಿನಲ್ಲಿ ಹಾಗೆ ಮಾಡಿದರೆ ಬೆಂಕಿ. ಯಾಕೆಂದರೆ ಇಲ್ಲಿ ಫ್ಯೂಸು ಸುಡಲೆಂದೇ ಒಂದು ಏರ್ಪಾಡಿದೆ.

ಬಾಗಿಲ ಕೊಂಡಿಯ ಹಿಂದೆ ಮೂರು ಮೈಕ್ರೋಸ್ವಿಚ್ಚುಗಳಿರುತ್ತವೆ. ಬಾಗಿಲು ತೆರೆದ ಕೂಡಲೇ ಎರಡು ಸ್ವಿಚ್ಚುಗಳು ಲೈನು ಕಡಿಯಬೇಕು, ಮ್ಯಾಗ್ನೆಟ್ರಾನು ನಿಲ್ಲಬೇಕು. ಆದರೆ ಬೇಲಿಯೇ ಹೊಲ ಮೇಯ್ದರೆ? ಸ್ವಿಚ್ಚಿನ ಕಾಂಟ್ಯಾಕ್ಟು ಸುಟ್ಟು ಅಂಟಿಕೊಂಡು, ಬಾಗಿಲು ತೆರೆದರೂ ಕರೆಂಟು ಹರಿಯುತ್ತಲೇ ಇದ್ದರೆ? ಅದಕ್ಕೆ ಮೂರನೆಯದು, ಮಾನಿಟರ್ ಸ್ವಿಚ್ಚು. ಅದರ ನಡತೆ ಉಲ್ಟಾ. ಬಾಗಿಲು ತೆರೆದಾಗ ಇದು ಸೇರಿಕೊಳ್ಳುತ್ತದೆ. ಉಳಿದವು ತಮ್ಮ ಕೆಲಸ ಮಾಡಿದ್ದರೆ ಏನೂ ಆಗುವುದಿಲ್ಲ. ಮಾಡಿಲ್ಲದಿದ್ದರೆ ಇದು ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡಿ ಫ್ಯೂಸನ್ನು ಸುಟ್ಟುಹಾಕುತ್ತದೆ. ಬಾಗಿಲು ತೆರೆದುಕೊಂಡು ಅಲೆಗಳನ್ನು ಹೊರಗೆ ಬಿಡುವುದಕ್ಕಿಂತ ಓವನ್ ಸಾಯುವುದೇ ವಾಸಿ ಅಂತ ಅದನ್ನು ಮಾಡಿದವರು ತೀರ್ಮಾನಿಸಿದ್ದಾರೆ. ಅಮೆರಿಕದಲ್ಲಿ 1971ರ ನಂತರ ತಯಾರಾದ ಓವನ್ನುಗಳಿಗೆ ಕಾನೂನೇ ಇದೆ: ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಅಳೆದರೆ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ದಾಟಕೂಡದು. ಈ ಅಲೆ ವಿಕಿರಣ ಕ್ಯಾನ್ಸರು ಅಂತ ಹೆದರುವ ಜಾತಿಯದಲ್ಲ, ಬಿಸಿ ಮಾಡುವ ಜಾತಿಯದು. ಆದರೆ ಕಣ್ಣಿನ ಮಸೂರದಲ್ಲಿ ಕಾವನ್ನು ಒಯ್ದುಬಿಡುವ ರಕ್ತದ ಓಡಾಟವಿಲ್ಲ. ಅಲ್ಲಿ ಬಿಸಿಯಾದದ್ದು ಅಲ್ಲೇ ಉಳಿದು ಪೊರೆ ಬರಿಸಬಲ್ಲದು.

ಅಂದರೆ ನಮ್ಮ ಓವನ್ ಕೆಟ್ಟದ್ದಲ್ಲ, ಕರ್ತವ್ಯ ಮಾಡಿ ಸುಮ್ಮನಾದದ್ದು. ಮೊದಲ ಸ್ವಿಚ್ಚಿನ ತಂತಿ ಬಿಡಿಸಿ, ಬಾಗಿಲು ತೆರೆದಿಟ್ಟು ಮೀಟರು ಹಿಡಿದೆ. ಮೌನವಾಗಿರಬೇಕಾದ ಕಡೆ ಬೀಪ್ ಅಂತು. ಬಿಚ್ಚಿ ಕಿವಿಯ ಹತ್ತಿರ ಒತ್ತಿದರೆ ‘ಟಿಕ್’ ಇಲ್ಲ. ಸ್ಟಾಪ್ ಒತ್ತದೆ ಬಾಗಿಲು ಎಳೆದಾಗಲೆಲ್ಲ ಓಡುತ್ತಿರುವ ಕರೆಂಟನ್ನು ಈ ಬೆರಳ ತುದಿಯಷ್ಟು ಸ್ವಿಚ್ಚೇ ಕಡಿಯಬೇಕು, ಪ್ರತಿ ಸಲವೂ ಒಳಗೆ ಒಂದು ಕಿಡಿ. ಮಧ್ಯಾಹ್ನ ಮಲಗುವ ಮಗನ ನಿದ್ದೆ ಕಾಯಲು ಅಮ್ಮ ಎಷ್ಟು ಕಿಡಿ ಹಾರಿಸಿದ್ದರೋ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗದ ಬಿಡಿಭಾಗವಿಲ್ಲ, ತಾಳ್ಮೆ ಬೇಕು. ಅಂಗಡಿಯವನು ನನ್ನ ಸ್ವಿಚ್ಚನ್ನು ತಿರುಗಿಸಿ ನೋಡಿ, ‘ಎನ್‌ಓ ಬೇಕಾ, ಎನ್‌ಸಿ ಬೇಕಾ?’ ಅಂದ. ಒತ್ತಿದಾಗ ಸೇರುವುದು ಒಂದು, ಒತ್ತಿದಾಗ ಬಿಡುವುದು ಇನ್ನೊಂದು, ನೋಡುವುದಕ್ಕೆ ಅವಳಿಜವಳಿ. ನನಗೆ ಎರಡೂ ಬೇಕಿತ್ತು. ಫ್ಯೂಸು ಸುಡುವಾಗ ಆ ಶಾರ್ಟಿನ ಕರೆಂಟೆಲ್ಲ ಮಾನಿಟರ್ ಸ್ವಿಚ್ಚಿನ ಮೂಲಕವೇ ಹರಿದಿರುತ್ತದೆ. ಮೀಟರಿನಲ್ಲಿ ಅದು ಸರಿ ಅನ್ನಿಸಿದರೂ ಇನ್ನೊಮ್ಮೆ ನಂಬುವಂತಿಲ್ಲ, ಜೊತೆಯಲ್ಲೇ ಬದಲಾಯಿಸಬೇಕು. ಫ್ಯೂಸು ಹಳೆಯದರ ಮೈಮೇಲೆ ಬರೆದಷ್ಟೇ ಆಂಪ್ಸಿನದು. ಎಲ್ಲ ಸೇರಿ ಆದ ಖರ್ಚು ವಿಸಿಟಿಂಗ್ ಚಾರ್ಜಿಗಿಂತ ಕಡಿಮೆ.

ಮುಚ್ಚಳದ ಒಳಮೈಗೆ ವೈರಿಂಗಿನ ಚಿತ್ರ ಅಂಟಿಸಿದ್ದರು. ಬಹಳ ಓವನ್ನುಗಳಲ್ಲಿ ಇರುತ್ತದೆ. ನಮ್ಮ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗೆಂದು ಪೋರ್ಟಲ್ ತೆರೆಯಿತು, ಕಂಪನಿಗಳು ಮಾಹಿತಿ, ಬಿಡಿಭಾಗ ಎಲ್ಲ ಅಲ್ಲಿ ತಿಳಿಸಬೇಕೆಂದು. ಒಳ್ಳೆಯದೇ. ಆದರೂ ಗಮ್ಮು ಹಚ್ಚಿ ಒಳಗೆ ಅಂಟಿಸಿಟ್ಟ ಆ ಹಾಳೆಯಷ್ಟು ಉಪಕಾರ ನನಗೆ ಇನ್ಯಾವುದೂ ಮಾಡಿಲ್ಲ. ಮುಂದೆ ಬಿಚ್ಚುವವನು ಯಾರೋ ಅಂತ ಯೋಚಿಸಿದ ಮನುಷ್ಯನೊಬ್ಬ ಕಾರ್ಖಾನೆಯಲ್ಲಿ ಇದ್ದ.

ಜೋಡಿಸಿ, ಮುಚ್ಚಳ ಹಾಕಿ, ಬಾಗಿಲು ಓರೆಯಾಗಿಲ್ಲ, ಅಂಚಿನಲ್ಲಿ ಸಂದಿಲ್ಲ ಅಂತ ನೋಡಿ, ಒಂದು ಲೀಟರ್ ನೀರಿಟ್ಟು ಫುಲ್ ಪವರಿನಲ್ಲಿ ಒಂದು ನಿಮಿಷ ಓಡಿಸಿದೆ. 900 ವ್ಯಾಟಿನದಾದರೆ ನೀರು 12–13 ಡಿಗ್ರಿ ಏರಬೇಕು. ಮಗಳ ಕೇಕ್ ಥರ್ಮಾಮೀಟರು 12 ತೋರಿಸಿತು. ಬೋರ್ಡು ಅದೇ ಹಳೆಯದು.

ಸುದ್ದಿ ಹರಡಲು ಹೊತ್ತು ಬೇಕೇ? ಪಕ್ಕದ ಮನೆಯವರು ತಮ್ಮ ಓವನ್ನನ್ನು ಎತ್ತಿಕೊಂಡೇ ಬಂದರು. ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಗುಂಯ್ ಅನ್ನುತ್ತದೆ, ಸಾರು ಮಾತ್ರ ತಣ್ಣಗೇ ಇರುತ್ತದೆ. ಅಂದರೆ ತೊಂದರೆ ಇರುವುದು ಬಹುಮಟ್ಟಿಗೆ 4,000 ವೋಲ್ಟಿನ ಕಡೆ: ಡಯೋಡೋ, ಕೆಪಾಸಿಟರೋ, ಮ್ಯಾಗ್ನೆಟ್ರಾನೋ. ಅಲ್ಲಿಗೆ ನನ್ನ ಮೀಟರೂ ಸಾಲದು, ನನ್ನ ಧೈರ್ಯವೂ ಸಾಲದು. ಇದೇ ಕೆಲಸದಲ್ಲಿ ಕೈ ಪಳಗಿದ ಒಬ್ಬರಿದ್ದಾರೆ, ಕೂತು ಹುಡುಕುತ್ತಾರೆ ಅಂತ ಅಂಗಡಿಯ ಗುರುತು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ‘ನಿಮ್ಮದಾದರೆ ಬಿಚ್ತೀರಿ, ನಮ್ಮದಾದರೆ ಅಂಗಡಿ ತೋರಿಸ್ತೀರಿ’ ಅಂದು ಓವನ್ನನ್ನು ಮತ್ತೆ ತೋಳಿಗೇರಿಸಿಕೊಂಡರು. ಬಾಗಿಲಿನತನಕ ಹೋದವರು ತಿರುಗಿ, ‘ಅಲ್ಲ, ಅವರು ಬೋರ್ಡು ಹೋಗಿದೆ ಅಂದರೆ?’ ಅಂದರು. ‘ಮುಚ್ಚಳ ಬಿಚ್ಚಿ ನೋಡಿದಿರಾ ಅಂತ ಕೇಳಿ’ ಅಂದೆ.