ಮಾದರಿ ಬರಹ ಮತ್ತು ಬರೆದವರ ಹೆಸರು

ನೌಕರಿಯ ಅರ್ಜಿಯೊಡನೆ ಮಾದರಿ ಬರಹವನ್ನು, ಎಂದರೆ ಅಭ್ಯರ್ಥಿಯು ಸ್ವತಃ ಬರೆದ ಒಂದೆರಡು ಪುಟಗಳನ್ನು, ಕೇಳುವ ರೂಢಿ ಪತ್ರಿಕೆ ಹಾಗೂ ಪ್ರಕಾಶನ ಸಂಸ್ಥೆಗಳಲ್ಲಿ ಉಂಟು. ಅದು ತಪ್ಪಿಲ್ಲದೆ, ಕೇಳಿದಷ್ಟೇ ಉದ್ದವಾಗಿ, ಹುದ್ದೆಗೆ ತಕ್ಕಂತಿರಬೇಕೆಂಬುದು ಎಲ್ಲರೂ ಬಲ್ಲ ಮಾತು. ಬೇಸರ ತರುವುದು ಬೇರೆಯೇ ಇದೆ. ಸಂಗೊಳ್ಳಿ ಸೀಮೆಯ ತರುಣರು ಮಾದರಿಗಾಗಿ ಹಳೆಯ ಕಾಗದಗಳನ್ನು ತೆರೆದರೆ ಸ್ಪರ್ಧೆಗೆಂದು ಸಂಗೊಳ್ಳಿ ರಾಯಣ್ಣನ ಕುರಿತು ಬರೆದ ಪ್ರಬಂಧವೇ ಮೊದಲು ಕೈಗೆ ಬರುತ್ತದೆ. ಅದರ ತುಂಬ ಕೆಚ್ಚೆದೆ, ಸಿಂಹ, ನೆತ್ತರು ಎಂಬ ಮಾತುಗಳಿದ್ದು, ಬರೆದವರು ಸ್ವತಃ ಯೋಚಿಸಿದ ಒಂದು ವಾಕ್ಯವೂ ಸಿಗುವುದಿಲ್ಲ.

ರಾಯಣ್ಣನು ಶೇತಸನದಿಯಾಗಿದ್ದನು, ಅಂದರೆ ಊರಿನ ಕಾವಲು ಮೊದಲಾದ ಚಾಕರಿಗೆ ಪ್ರತಿಯಾಗಿ ಸನದು ಎಂಬ ಹಕ್ಕುಪತ್ರದ ಮೇಲೆ ಹೊಲ ಪಡೆದವನು. ಕಿತ್ತೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಬಳಿಕ ಅಂಥ ಹೊಲಗಳ ಜಪ್ತಿಗೂ ಕಂದಾಯದ ಹೆಚ್ಚಳಕ್ಕೂ ಅವನ ಬಂಡಾಯಕ್ಕೂ ಇದ್ದ ಸಂಬಂಧವನ್ನು, ಅವನ ಪಡೆಯು ಸರಕಾರಿ ಕಚೇರಿಗಳಿಗೆ ಬೆಂಕಿ ಇಟ್ಟದ್ದರ ಅರ್ಥವನ್ನು ಪರವೂರಿನ ಓದುಗನಿಗೆ ಒಂದೇ ಪುಟದಲ್ಲಿ ಬಿಡಿಸಿ ಹೇಳಿದ ಬರಹವಿದ್ದರೆ, ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದವನಿಗೆ ಸಲ್ಲುವ ಗೌರವವೂ ವಿಶೇಷಣಗಳ ಮಳೆಗಿಂತ ಈ ಸ್ಪಷ್ಟತೆಯಲ್ಲೇ ಹೆಚ್ಚು.

ಆ ಪುಟ ಬರೆದವರದೇ ಆಗಿರಬೇಕೆಂಬ ಸಂಗತಿಯನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು. ಗುರುಗಳು ಅರ್ಧ ತಿದ್ದಿದ್ದರೆ ಅದನ್ನು ತಿಳಿಸಬೇಕು; ಯಂತ್ರ ಬರೆದುಕೊಟ್ಟದ್ದನ್ನು ಕಳಿಸಲೇಬಾರದು. ಬರೆದವರನ್ನು ಹೆಸರಿಸುವ ರೂಢಿ ಹೊಸದಲ್ಲ: ಹಳೆಯ ಖರೀದಿ ಪತ್ರಗಳ ಕೊನೆಯಲ್ಲಿ ಬಿಕಲಂ, ಎಂದರೆ ಪತ್ರವನ್ನು ಯಾರ ಕೈ ಬರೆಯಿತೆಂಬ ನಮೂದು, ಇರುತ್ತಿತ್ತು. ಶಾಸನಗಳಲ್ಲಿ ಪದ್ಯ ರಚಿಸಿದವನ ಹೆಸರೂ ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಬೇರೆ ಬೇರೆಯಾಗಿ ದೊರೆಯುವುದುಂಟು. 634ರ ಐಹೊಳೆ ಶಾಸನದಲ್ಲಿ ಅದನ್ನು ರಚಿಸಿದ ರವಿಕೀರ್ತಿಯು ತನ್ನ ಕೀರ್ತಿ ಕಾಳಿದಾಸ, ಭಾರವಿಗಳಿಗೆ ಸಮವೆಂದು ಹೇಳಿಕೊಂಡನು. ಆ ಮಾತಿಗೆ ಆಧಾರವಾಗಿ ಇಡೀ ಶಾಸನವೇ ನಿಂತಿತ್ತಾದ್ದರಿಂದ ಅದನ್ನು ಗರ್ವವೆನ್ನುವುದು ಸರಿಯಲ್ಲ. ಕಿತ್ತೂರಿನ ಬಳಿಯ ದೇಗಾವಿಯ ಕಮಲನಾರಾಯಣ ಗುಡಿ ಕದಂಬರ ರಾಣಿ ಕಮಲಾದೇವಿಯ ಹೆಸರಿನೊಡನೆ ಶಿಲ್ಪಿ ತಿಪ್ಪೋಜನ ಹೆಸರನ್ನೂ ಉಳಿಸಿಕೊಂಡಿದೆ.

ರಾಯಣ್ಣನ ಪಡೆ ಬೆಂಕಿ ಇಟ್ಟ ಕಚೇರಿಗಳಲ್ಲಿ ಸುಟ್ಟ ದಫ್ತರಗಳನ್ನು ಬರೆದ ಕೈಗಳ ವಿಚಾರವೂ ಇಲ್ಲಿ ಏಳುತ್ತದೆ. ಊರಿನ ಲೆಕ್ಕ ಬರೆಯುವ ಕುಲಕರ್ಣಿಯ ಕೆಲಸ ವತನವಾಗಿ, ಎಂದರೆ ವಂಶದ ಹಕ್ಕಾಗಿ, ಬರುತ್ತಿದ್ದುದರಿಂದ ಮಗನು ತಂದೆಯ ಪಕ್ಕದಲ್ಲಿ ಕುಳಿತೇ ಅಕ್ಷರ ತಿದ್ದುತ್ತಿದ್ದನು; ಅವನ ಬರಹದ ಮಾದರಿಯನ್ನು ಯಾರೂ ಕೇಳುತ್ತಿರಲಿಲ್ಲ, ಚೆಂದವಾಗಿ ಬರೆಯಬಲ್ಲ ನೆರೆಮನೆಯ ಹುಡುಗನಿಗೆ ಆ ಕೆಲಸಕ್ಕೆ ದಾರಿಯೂ ಇರಲಿಲ್ಲ. ಗ್ರಾಮ ಹುದ್ದೆಗಳ ವಂಶಹಕ್ಕನ್ನು ಅಳಿಸುವ ಕಾನೂನು ಇಡೀ ಕರ್ನಾಟಕಕ್ಕೆ ಬಂದದ್ದು 1961ರಲ್ಲಿ.