ಪೀಚ್, ಪ್ಲಮ್ ಮತ್ತು ಮೇಷ್ಟ್ರು

ಮಕ್ಕಳೇ, ನಿಮ್ಮ ಮೇಷ್ಟ್ರನ್ನು ಯಾರಾದರೂ ‘ತೋಟದ ಮಾಲಿ’ ಎಂದು ಕರೆದರೆ ನೀವು ಕಿಸಕ್ಕನೆ ನಕ್ಕುಬಿಡಬಹುದು. ಚೀನಾದಲ್ಲಿ ಯಾರೂ ನಗುವುದಿಲ್ಲ. ಅಲ್ಲಿ ಶಿಕ್ಷಕರಿಗೆ ಅದು ಗೌರವದ ಹೆಸರು. 1985ರಿಂದ ಅವರು ಸೆಪ್ಟೆಂಬರ್ 10ರಂದು ಶಿಕ್ಷಕರ ದಿನ ಆಚರಿಸುತ್ತಾರೆ.

ಮಾಲಿ ಇದ್ದ ಮೇಲೆ ಗಿಡವೂ ಬೇಕಲ್ಲ? ಶಿಷ್ಯರೇ ಗಿಡಗಳು. ಅದೂ ಎಂಥ ಗಿಡ! ಪೀಚ್ ಮತ್ತು ಪ್ಲಮ್. ಬಹಳ ಮಂದಿಗೆ ಪಾಠ ಹೇಳಿದ ಹಿರಿಯ ಗುರುವನ್ನು ಹೊಗಳಬೇಕಾದರೆ, ನಿಮ್ಮ ಪೀಚ್ ಪ್ಲಮ್‌ಗಳು ಲೋಕವೆಲ್ಲ ತುಂಬಿವೆ ಎನ್ನುತ್ತಾರೆ.

ಇದರ ಹಿಂದೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಥೆಯಿದೆ. ವೇ ಎಂಬ ರಾಜ್ಯದಲ್ಲಿ ಒಬ್ಬ ಅಧಿಕಾರಿ ಎಷ್ಟೋ ಜನರನ್ನು ದೊಡ್ಡ ಹುದ್ದೆಗೆ ಏರಿಸಿದ್ದ. ಅವನಿಗೆ ಕಷ್ಟ ಬಂದಾಗ ಅವರೇ ತಿರುಗಿ ಬಿದ್ದರು. ಪಕ್ಕದ ನಾಡಿಗೆ ಓಡಿಹೋಗಿ, ಇನ್ನು ಯಾರಿಗೂ ಉಪಕಾರ ಮಾಡೆ ಎಂದು ಅಲ್ಲಿನ ಯಜಮಾನನ ಮುಂದೆ ಗೋಳಾಡಿದ. ಅದಕ್ಕೆ ಆತ ಹೇಳಿದ್ದು ಇಷ್ಟು: ವಸಂತದಲ್ಲಿ ಪೀಚ್, ಪ್ಲಮ್ ನೆಟ್ಟವನಿಗೆ ಬೇಸಿಗೆಯಲ್ಲಿ ನೆರಳು, ಆಮೇಲೆ ಹಣ್ಣು. ನೆಗ್ಗಿಲು ನೆಟ್ಟವನಿಗೆ ಮುಳ್ಳೇ ಗತಿ. ನೀನು ಆರಿಸಿ ನೆಡಲಿಲ್ಲ.

ಈ ಕಥೆ ನನಗೆ ಅರ್ಧ ಮಾತ್ರ ಇಷ್ಟ. ಅಧಿಕಾರಿಗೆ ಆರಿಸುವ ಅವಕಾಶವಿತ್ತು. ಮೇಷ್ಟ್ರಿಗೆ ಎಲ್ಲಿದೆ? ಹತ್ತು ವರ್ಷದ ಹುಡುಗನನ್ನು ಮುಳ್ಳು ಎಂದು ತೀರ್ಮಾನಿಸುವುದು ಹೇಗೆ? ನಮ್ಮ ತರಗತಿಯಲ್ಲಿ ಹಾಗೆ ಮೂಲೆಗೆ ಕೂರಿಸಿದ ಹುಡುಗನೊಬ್ಬ ಒಂದು ದಿನ ಸ್ಲೇಟನ್ನು ಅಲ್ಲೇ ಬಿಟ್ಟು ಹೋದ, ಮತ್ತೆ ಶಾಲೆಗೆ ಬರಲಿಲ್ಲ. ಅರವತ್ತು ವರ್ಷದ ಮೇಲಾಯಿತು, ಆ ಸ್ಲೇಟು ಇನ್ನೂ ಕಣ್ಣಿಗೆ ಕಟ್ಟಿದೆ. ಪುಣ್ಯಕ್ಕೆ ಕನ್‌ಫ್ಯೂಷಿಯಸ್, ಕಲಿಸುವಾಗ ಮೇಲುಕೀಳು ಎಣಿಸಬಾರದು ಎಂದು ಹೇಳಿಹೋಗಿದ್ದಾರೆ. ಅವರು ಪಾಠ ಹೇಳುತ್ತಿದ್ದದ್ದು ಏಪ್ರಿಕಾಟ್ ಮರಗಳ ಕಟ್ಟೆಯ ಮೇಲಂತೆ. ಹೀಗಾಗಿ ‘ಏಪ್ರಿಕಾಟ್ ಕಟ್ಟೆ’ ಎಂದರೆ ಚೀನಿಯರಿಗೆ ಪಾಠ ಹೇಳುವ ಜಾಗ.

ಗುವಾನ್‌ಜಿ ಎಂಬ ಹಳೆಯ ಗ್ರಂಥದ ಲೆಕ್ಕ ಮಾತ್ರ ನನ್ನಂಥ ಬ್ಯಾಂಕ್ ಗುಮಾಸ್ತನಿಗೆ ಬಹಳ ಹಿಡಿಸಿತು. ಒಂದು ವರ್ಷದ ಯೋಚನೆಯಿದ್ದರೆ ಧಾನ್ಯ ಬಿತ್ತಬೇಕು, ಹತ್ತು ವರ್ಷದ್ದಾದರೆ ಮರ ನೆಡಬೇಕು, ಜೀವಮಾನದ್ದಾದರೆ ಮನುಷ್ಯರನ್ನು ಬೆಳೆಸಬೇಕು. ಧಾನ್ಯದ ಫಲ ಒಂದು ಸಲ, ಮರದ್ದು ಹತ್ತು ಸಲ, ಮನುಷ್ಯರದ್ದು ನೂರು ಸಲ. ಇಂಥ ಬಡ್ಡಿ ನಮ್ಮ ಕೌಂಟರಿನಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ! ನಾವು ಹತ್ತು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಠೇವಣಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ಅಜ್ಜ ಅಜ್ಜಿಯರು, ಅಪ್ಪ ಅಮ್ಮಂದಿರು ಕೇಳಬೇಕಾದ ಕಥೆ ಮೆನ್ಸಿಯಸ್ ಹೇಳಿದ್ದು. ಸಾಂಗ್ ರಾಜ್ಯದ ಒಬ್ಬ ರೈತನಿಗೆ ತನ್ನ ಹೊಲದ ಪೈರು ಬೇಗ ಎತ್ತರವಾಗುತ್ತಿಲ್ಲವೆಂಬ ಚಿಂತೆ. ಒಂದೊಂದೇ ಸಸಿಯನ್ನು ಹಿಡಿದು ಸ್ವಲ್ಪ ಸ್ವಲ್ಪ ಮೇಲಕ್ಕೆಳೆದ. ಮನೆಗೆ ಬಂದು, ‘ಅಬ್ಬಾ, ಸಾಕಾಯಿತು. ಪೈರಿಗೆ ಬೆಳೆಯಲು ಸಹಾಯ ಮಾಡಿ ಬಂದೆ’ ಎಂದ. ಮಗ ಓಡಿಹೋಗಿ ನೋಡಿದರೆ ಎಲ್ಲವೂ ಒಣಗಿದ್ದವು.

ನಮ್ಮ ಮೊಮ್ಮಗಳಿಗೆ ಈ ಕಥೆ ಬಾಯಿಪಾಠ. ಈಗಾಗಲೇ ಎರಡು ಟ್ಯೂಷನ್ ಇದೆ. ಅವಳಪ್ಪ ಮೂರನೆಯದರ ಮಾತೆತ್ತಿದರೆ ಸಾಕು, ಒಂದೂ ಮಾತಾಡದೆ ತನ್ನ ಎರಡು ಜಡೆಗಳನ್ನೂ ಹಿಡಿದು ಮೇಲಕ್ಕೆ ಎಳೆದು ತೋರಿಸುತ್ತಾಳೆ.